ಹಿಡಿದಿಟ್ಟ ಕಣ ಮಿತ್ರ, ಸಡಿಲ ಕಣ ಶತ್ರು

ಪಿಸ್ಟನ್ನಿನ ಸವೆತ ತಡೆಯಲು ಗಟ್ಟಿ ಪುಡಿ ಬೆರೆತ ಅಲ್ಯೂಮಿನಿಯಂ: ಅದರ ಗುಣವೇನು, ಮಿತಿಯೇನು?

ಪೈರಿಗೆ ನೀರು ಹಾಯಿಸಲೇಬೇಕಾದ ದಿನ ಡೀಸೆಲ್ ಎಂಜಿನ್ ಕೈಕೊಟ್ಟರೆ ಆಗುವ ನಷ್ಟ ಎಷ್ಟೆಂಬುದನ್ನು ನಿಮಗೆ ಬೇರೆಯವರು ಹೇಳಬೇಕಾಗಿಲ್ಲ. ಪಂಪ್‌ಸೆಟ್ಟಿನದಾಗಲಿ, ಪವರ್ ಟಿಲ್ಲರಿನದಾಗಲಿ, ಟ್ರ್ಯಾಕ್ಟರಿನದಾಗಲಿ, ಎಂಜಿನ್ ಕೆಡುವ ಮುನ್ನ ಸೂಚನೆ ಕೊಡುತ್ತದೆ. ಹೊಗೆ ನೀಲಿಯಾಗುತ್ತದೆ. ಆಯಿಲ್ ಬೇಗ ಬೇಗ ಕಡಿಮೆಯಾಗುತ್ತದೆ. ಹ್ಯಾಂಡಲ್ ತಿರುಗಿಸಿದಾಗ ಕೈಗೆ ಮೊದಲಿನ ಬಿಗಿ ಸಿಗುವುದಿಲ್ಲ. ಬಿಚ್ಚಿ ನೋಡಿದ ಮೆಕ್ಯಾನಿಕ್ ಸಾಮಾನ್ಯವಾಗಿ ರಿಂಗ್ ಬದಲಿಸುತ್ತಾನೆ. ಕೆಲವು ಎಂಜಿನ್ನುಗಳು ಅಷ್ಟಕ್ಕೇ ಸರಿಹೋಗುತ್ತವೆ. ಇನ್ನು ಕೆಲವು, ಹೊಸ ರಿಂಗ್ ಹಾಕಿದ ಸ್ವಲ್ಪ ಕಾಲದಲ್ಲೇ ಮತ್ತೆ ನೀಲಿ ಹೊಗೆ ಬಿಡತೊಡಗುತ್ತವೆ.

ಇಂಥ ಕಡೆ ಅನೇಕ ವೇಳೆ ತಪ್ಪು ರಿಂಗಿನದಲ್ಲ, ರಿಂಗ್ ಕೂರುವ ಗ್ರೂವಿನದು. ಪಿಸ್ಟನ್ನಿನ ಸುತ್ತ ಕೊರೆದಿರುವ ಈ ಗ್ರೂವ್ ಸವೆದು ಅಗಲವಾದರೆ ಎಷ್ಟು ಒಳ್ಳೆಯ ರಿಂಗ್ ತಂದು ಕೂರಿಸಿದರೂ ಅದು ಅಲ್ಲಾಡುತ್ತದೆ. ಪ್ರತಿ ಬಾರಿ ಪಿಸ್ಟನ್ ಮೇಲೆ ಕೆಳಗೆ ಹೋಗುವಾಗಲೂ ರಿಂಗ್ ಗ್ರೂವಿನ ಅಂಚಿಗೆ ಬಡಿಯುತ್ತದೆ, ಆಯಿಲನ್ನು ಮೇಲಕ್ಕೆ ದಾಟಿಸುತ್ತದೆ. ಮೇಲಿನ ಒತ್ತಡದ ಅನಿಲ ಕೆಳಕ್ಕೆ ಸೋರುತ್ತದೆ.

ಈ ಗ್ರೂವನ್ನು ಸವೆಯದಂತೆ ಮಾಡುವುದು ಹೇಗೆಂಬ ಪ್ರಶ್ನೆಗೆ ವಿಜ್ಞಾನಿಗಳು ಕಂಡುಕೊಂಡ ಉತ್ತರಗಳಲ್ಲಿ ಒಂದು, ಅಲ್ಯೂಮಿನಿಯಂ ಒಳಗೆ ಅದಕ್ಕಿಂತ ಬಹಳ ಗಟ್ಟಿಯಾದ ಪುಡಿಯನ್ನೋ ಎಳೆಗಳನ್ನೋ ಸೇರಿಸುವುದು. ಎಂಜಿನಿಯರರು ಇದಕ್ಕೆ ಕಾಂಪೊಸಿಟ್ ಎನ್ನುತ್ತಾರೆ. ನಾವು ಇಲ್ಲಿ ಬಲವರ್ಧಿತ ಅಲ್ಯೂಮಿನಿಯಂ ಎಂದು ಕರೆಯೋಣ. ಇದರ ಗುಣವನ್ನೂ ಮಿತಿಯನ್ನೂ ತಿಳಿದುಕೊಂಡರೆ ನಿಮ್ಮ ಎಂಜಿನ್ ಏಕೆ ಸವೆಯುತ್ತದೆ ಎಂಬುದೂ ತಿಳಿಯುತ್ತದೆ.

ಕಬ್ಬಿಣ ಬಿಟ್ಟು ಅಲ್ಯೂಮಿನಿಯಂ ಏಕೆ?

ಅಲ್ಯೂಮಿನಿಯಂ ಮೆತ್ತಗಿನ ಲೋಹ. ಅಡುಗೆಮನೆಯ ಪಾತ್ರೆ ಬಿದ್ದರೆ ತಗ್ಗಾಗುವುದನ್ನು ನೀವು ಕಂಡಿದ್ದೀರಿ. ಹೀಗಿದ್ದೂ ಪಿಸ್ಟನ್ನನ್ನು ಅದರಿಂದಲೇ ಮಾಡಲು ಎರಡು ಕಾರಣಗಳಿವೆ.

ಮೊದಲನೆಯದು ತೂಕ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಅಷ್ಟೇ ಬೀಡು ಕಬ್ಬಿಣ 7 ಗ್ರಾಮಿಗೂ ಹೆಚ್ಚು ತೂಗುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ ನಿಮಿಷಕ್ಕೆ 3000 ಸಲ ನಿಂತು ದಿಕ್ಕು ಬದಲಿಸಬೇಕು. ಭಾರವಾದ ಪಿಸ್ಟನ್ ಆದರೆ ಕನೆಕ್ಟಿಂಗ್ ರಾಡು, ಬೇರಿಂಗು ಎಲ್ಲಕ್ಕೂ ಪೆಟ್ಟು ಹೆಚ್ಚು.

ಎರಡನೆಯದು ಶಾಖ. ಉರಿಯುವ ಡೀಸೆಲಿನ ಕಾವು ಪಿಸ್ಟನ್ನಿನ ತಲೆಯ ಮೇಲೆ ಬೀಳುತ್ತದೆ. ಅದನ್ನು ಬೇಗ ರಿಂಗಿನ ಮೂಲಕ ಲೈನರಿಗೆ, ಅಲ್ಲಿಂದ ನೀರಿಗೆ ದಾಟಿಸಬೇಕು. ಈ ಕೆಲಸವನ್ನು ಅಲ್ಯೂಮಿನಿಯಂ ಬೀಡಿಗಿಂತ ಎರಡು ಮೂರು ಪಟ್ಟು ಚೆನ್ನಾಗಿ ಮಾಡುತ್ತದೆ.

ಆದರೆ ತೊಂದರೆಯೂ ಇಲ್ಲೇ ಇದೆ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. 200 ಡಿಗ್ರಿ ದಾಟಿದ ಮೇಲೆ ಅದರ ಬಲ ಇಳಿಯತೊಡಗುತ್ತದೆ. ಡೀಸೆಲ್ ಎಂಜಿನ್ನಿನ ಮೇಲಿನ ರಿಂಗಿನ ಗ್ರೂವು ಕೆಲಸ ಮಾಡುವುದು ಅಷ್ಟು ಕಾವಿನಲ್ಲಿಯೇ. ಮೆತ್ತಗಾದ ಲೋಹದ ಮೇಲೆ ಗಟ್ಟಿ ರಿಂಗ್ ಬಡಿಯುತ್ತಿರುತ್ತದೆ. ಸಾಲದೆಂಬಂತೆ ನಡುವೆ ಹೊಲದ ಧೂಳು ಸೇರುತ್ತದೆ.

ದಿನಕ್ಕೆ 160 ಕಿಲೋಮೀಟರ್

ಪಿಸ್ಟನ್ ಎಷ್ಟು ದೂರ ಉಜ್ಜಿಕೊಂಡು ಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿ. 5 ಅಶ್ವಶಕ್ತಿಯ ಸಾಮಾನ್ಯ ಪಂಪ್‌ಸೆಟ್ ಎಂಜಿನ್ನಿನ ಸ್ಟ್ರೋಕ್ 110 ಮಿಲಿಮೀಟರ್ ಎಂದುಕೊಳ್ಳಿ. ಒಂದು ಸುತ್ತಿಗೆ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಟ್ಟು 220 ಮಿಲಿಮೀಟರ್ ಚಲಿಸುತ್ತದೆ. ನಿಮಿಷಕ್ಕೆ 1500 ಸುತ್ತಿಗೆ 330 ಮೀಟರ್. ಗಂಟೆಗೆ ಹತ್ತಿರ ಹತ್ತಿರ 20 ಕಿಲೋಮೀಟರ್. ದಿನಕ್ಕೆ 8 ಗಂಟೆ ನೀರೆತ್ತಿದರೆ ಪಿಸ್ಟನ್ ಲೈನರಿನ ಗೋಡೆಗೆ ಒರಸಿಕೊಂಡು ಸುಮಾರು 160 ಕಿಲೋಮೀಟರ್ ಸಾಗಿದಂತಾಯಿತು. ಇದು ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಗಿಂತಲೂ ಹೆಚ್ಚು.

ಸವೆತದ ಲೆಕ್ಕಾಚಾರ ಸ್ಥೂಲವಾಗಿ ಹೀಗಿದೆ. ಒತ್ತುವ ಭಾರ ಎರಡರಷ್ಟಾದರೆ ಸವೆತ ಎರಡರಷ್ಟು. ಉಜ್ಜುವ ದೂರ ಎರಡರಷ್ಟಾದರೆ ಸವೆತ ಎರಡರಷ್ಟು. ಲೋಹದ ಗಡಸುತನ ಎರಡರಷ್ಟಾದರೆ ಸವೆತ ಅರ್ಧ. ಭಾರವನ್ನೂ ದೂರವನ್ನೂ ಕಡಿಮೆ ಮಾಡಿದರೆ ಎಂಜಿನ್ ಕೆಲಸ ಮಾಡಿದಂತೆಯೇ ಅಲ್ಲ. ಆದ್ದರಿಂದ ಉಳಿಯುವ ದಾರಿ ಲೋಹದ ಗಡಸುತನ ಹೆಚ್ಚಿಸುವುದು. ಜೊತೆಗೆ ಆಯಿಲಿನ ಪದರ ಕಾಪಾಡುವುದು, ಧೂಳನ್ನು ಹೊರಗಿಡುವುದು.

ಮಣ್ಣಿಗೆ ಹುಲ್ಲು ಬೆರೆಸಿದಂತೆ

ಬರಿಯ ಮಣ್ಣಿನಿಂದ ಗೋಡೆ ಎಬ್ಬಿಸಿದರೆ ಒಣಗುವಾಗ ಬಿರುಕು ಬಿಡುತ್ತದೆ. ನಮ್ಮ ಹಿರಿಯರು ಅದಕ್ಕೆ ಹುಲ್ಲು ಬೆರೆಸಿ, ತುಳಿದು, ಕಲಸಿ ಗೋಡೆ ಕಟ್ಟಿದರು. ಮಣ್ಣು ಹುಲ್ಲನ್ನು ಹಿಡಿದುಕೊಂಡಿತು, ಹುಲ್ಲು ಮಣ್ಣನ್ನು ಬಿಗಿದುಕೊಂಡಿತು. ಬಲವರ್ಧಿತ ಅಲ್ಯೂಮಿನಿಯಂನ ತತ್ತ್ವವೂ ಇದೇ. ಇಲ್ಲಿ ಅಲ್ಯೂಮಿನಿಯಂ ಮಣ್ಣಿನ ಸ್ಥಾನದಲ್ಲಿದೆ. ಹುಲ್ಲಿನ ಸ್ಥಾನದಲ್ಲಿ ಸಿಲಿಕಾನ್ ಕಾರ್ಬೈಡ್, ಅಲ್ಯೂಮಿನ ಮುಂತಾದ ಗಟ್ಟಿ ವಸ್ತುಗಳಿವೆ.

ಇವು ನಿಮಗೆ ಅಪರಿಚಿತವಲ್ಲ. ಕುಡುಗೋಲು, ಕೊಡಲಿ ಮಸೆಯುವ ಸಾಣೆ ಚಕ್ರದ ಕಾರ್ಬೊರಂಡಂ ಎಂಬುದೇ ಸಿಲಿಕಾನ್ ಕಾರ್ಬೈಡ್. ಅಕ್ಕಿ ಗಿರಣಿಯಲ್ಲಿ ಅಕ್ಕಿಗೆ ಪಾಲಿಷ್ ಕೊಡುವ ಎಮೆರಿ ಕಲ್ಲಿನ ಮುಖ್ಯ ಅಂಶ ಅಲ್ಯೂಮಿನ. ಗಡಸುತನದಲ್ಲಿ ವಜ್ರಕ್ಕೆ 10 ಅಂಕ ಕೊಡುವ ಪಟ್ಟಿಯಲ್ಲಿ ಅಲ್ಯೂಮಿನಕ್ಕೆ 9, ಸಿಲಿಕಾನ್ ಕಾರ್ಬೈಡಿಗೆ 9ಕ್ಕೂ ಹೆಚ್ಚು. ಹೊಲದ ಮರಳಿಗೆ 7. ಶುದ್ಧ ಅಲ್ಯೂಮಿನಿಯಂಗೆ ಸಿಗುವುದು 3ರ ಆಸುಪಾಸು.

ನಿಮ್ಮ ಎಂಜಿನ್ನಿನಲ್ಲಿ ಈಗ ಇರುವ ಪಿಸ್ಟನ್ ಕೂಡ ಬರಿಯ ಅಲ್ಯೂಮಿನಿಯಂ ಅಲ್ಲ. ಅದರಲ್ಲಿ ಸಾಮಾನ್ಯವಾಗಿ ಶೇಕಡ 12ರಷ್ಟು ಸಿಲಿಕಾನ್ ಸೇರಿರುತ್ತದೆ. ಎರಕ ತಣ್ಣಗಾಗುವಾಗ ಈ ಸಿಲಿಕಾನ್ ಸಣ್ಣ ಗಟ್ಟಿ ಕಣಗಳಾಗಿ ಒಳಗೇ ಉಳಿದು ಸವೆತವನ್ನು ತಡೆಯುತ್ತದೆ. ಬಲವರ್ಧಿತ ಅಲ್ಯೂಮಿನಿಯಂ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಅಲ್ಲಿ ಕಣ ತಾನಾಗಿ ಹುಟ್ಟುತ್ತದೆ, ಇಲ್ಲಿ ಹೊರಗಿನಿಂದ ತಂದು ಬೆರೆಸುತ್ತಾರೆ.

ಗಂಟಿಲ್ಲದ ಮುದ್ದೆ

ಬೆರೆಸುವುದು ಹೇಳಿದಷ್ಟು ಸುಲಭವಲ್ಲ. ರಾಗಿ ಮುದ್ದೆ ತೊಳಸಿದವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ. ಹದವಾಗಿ ಕುದಿಯುವ ನೀರಿಗೆ ಹಿಟ್ಟು ಹಾಕಿ ಕೋಲಿನಿಂದ ಸರಿಯಾಗಿ ತೊಳಸದಿದ್ದರೆ ಗಂಟು ಕಟ್ಟುತ್ತದೆ. ಹೊರಗೆ ನುಣ್ಣಗಿದ್ದರೂ ಒಳಗೆ ಒಣ ಹಿಟ್ಟು ಉಳಿಯುತ್ತದೆ.

ಎರಕದ ಕಾರ್ಖಾನೆಯಲ್ಲೂ ಅಷ್ಟೇ. ಅಲ್ಯೂಮಿನಿಯಂ ಕರಗಿಸಿ 700ರಿಂದ 750 ಡಿಗ್ರಿ ಕಾವಿನಲ್ಲಿಟ್ಟು, ಮೋಟಾರಿಗೆ ಕಟ್ಟಿದ ಕಡೆಗೋಲಿನಂಥ ರೆಕ್ಕೆಯಿಂದ ಕದಡುತ್ತಾರೆ. ನಡುವೆ ಸುಳಿ ಏಳುತ್ತದೆ. ಆ ಸುಳಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾರೆ. ಕಣಗಳು ಸಾಮಾನ್ಯವಾಗಿ ತಲೆಗೂದಲಿನ ದಪ್ಪಕ್ಕಿಂತ ಸಣ್ಣವು. ಪುಡಿಯನ್ನು ಮೊದಲೇ ಚೆನ್ನಾಗಿ ಕಾಯಿಸಿ ಪಸೆ ತೆಗೆದಿರಬೇಕು. ಇಷ್ಟಾದರೂ ಕರಗಿದ ಅಲ್ಯೂಮಿನಿಯಂ ಪುಡಿಯನ್ನು ಬೇಗ ಒಪ್ಪಿಕೊಳ್ಳುವುದಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಅಂಟದೆ ಜಾರುತ್ತದೆ. ಅದಕ್ಕಾಗಿ ಶೇಕಡ 1ರಷ್ಟು ಮೆಗ್ನೀಸಿಯಂ ಸೇರಿಸುವ ಪದ್ಧತಿ ಇದೆ. ಅದು ಲೋಹ ಕಣಕ್ಕೆ ಅಂಟುವಂತೆ ಮಾಡುತ್ತದೆ.

ಇಲ್ಲಿ ಮೂರು ತಪ್ಪುಗಳಾಗಬಹುದು. ಪುಡಿ ಗಂಟು ಕಟ್ಟಬಹುದು. ಕದಡುವಾಗ ಗಾಳಿ ಸೇರಿ ಎರಕದಲ್ಲಿ ಸಣ್ಣ ರಂಧ್ರಗಳು ಉಳಿಯಬಹುದು. ಸುರಿಯುವುದು ತಡವಾದರೆ ಭಾರದ ಕಣಗಳು ತಳಕ್ಕೆ ಇಳಿದು ಒಂದು ಕಡೆ ಪುಡಿ ಹೆಚ್ಚು, ಇನ್ನೊಂದು ಕಡೆ ಬರಿಯ ಲೋಹ ಆಗಬಹುದು. ಸಿಲಿಕಾನ್ ಕಾರ್ಬೈಡ್ ಬಳಸುವಾಗ ಇನ್ನೊಂದು ಎಚ್ಚರವೂ ಬೇಕು. ಸಿಲಿಕಾನ್ ಕಡಿಮೆಯಿರುವ ಅಲ್ಯೂಮಿನಿಯಂನಲ್ಲಿ ಅದನ್ನು ಬಹಳ ಹೊತ್ತು ಕಾಯಿಸಿದರೆ ಅಲ್ಯೂಮಿನಿಯಂ ಕಾರ್ಬೈಡ್ ಎಂಬ ಪೆಡಸಾದ ಪದಾರ್ಥ ಹುಟ್ಟುತ್ತದೆ. ಅದು ನೀರಿನ ಪಸೆ ತಗುಲಿದರೆ ಕೆಡುತ್ತದೆ. ಆದ್ದರಿಂದ ಒಂದೇ ಹೆಸರಿನ, ಒಂದೇ ಪ್ರಮಾಣದ ಪುಡಿಯ ಎರಡು ಎರಕಗಳು ಒಂದೇ ಗುಣದವು ಎಂದು ತಿಳಿಯಬಾರದು. ತಯಾರಿಕೆಯ ಹದ ಬಹಳ ಮುಖ್ಯ.

ಬಲ ಎಷ್ಟು ಹೆಚ್ಚುತ್ತದೆ?

ಎರಕಕ್ಕೆ ಬಳಸುವ ಒಂದು ಒಳ್ಳೆಯ ಜಾತಿಯ ಅಲ್ಯೂಮಿನಿಯಂಗೆ, ಗಾತ್ರದ ಲೆಕ್ಕದಲ್ಲಿ ಶೇಕಡ 20ರಷ್ಟು ಸಿಲಿಕಾನ್ ಕಾರ್ಬೈಡ್ ಬೆರೆಸಿದರು ಎನ್ನೋಣ. ತೂಕ ಶೇಕಡ 3-4ಕ್ಕಿಂತ ಹೆಚ್ಚಾಗುವುದಿಲ್ಲ. ಆದರೆ ಹೊರೆ ಬಿದ್ದಾಗ ಬಾಗದೆ ನಿಲ್ಲುವ ಬಿಗಿತ ಸುಮಾರು ಮೂರನೇ ಒಂದು ಭಾಗದಷ್ಟು ಏರುತ್ತದೆ. ಎಳೆತ ತಡೆಯುವ ಶಕ್ತಿಯೂ ಏರುತ್ತದೆ. ಕಾವಿಗೆ ಹಿಗ್ಗುವುದು ಸುಮಾರು ಐದನೇ ಒಂದು ಭಾಗದಷ್ಟು ತಗ್ಗುತ್ತದೆ.

ಈ ಕೊನೆಯ ಗುಣ ಪಿಸ್ಟನ್ನಿಗೆ ಬಹಳ ಬೇಕಾದದ್ದು. 80 ಮಿಲಿಮೀಟರ್ ಅಡ್ಡಳತೆಯ ಸಾಮಾನ್ಯ ಅಲ್ಯೂಮಿನಿಯಂ ಪಿಸ್ಟನ್ 200 ಡಿಗ್ರಿ ಕಾವೇರಿದರೆ ಸುಮಾರು ಮೂರನೇ ಒಂದು ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಕಾವಿಗೆ ಬೀಡಿನ ಲೈನರ್ ಹಿಗ್ಗುವುದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ, ಅದರ ಮೇಲೆ ಲೈನರ್ ಅಷ್ಟು ಕಾಯುವುದೂ ಇಲ್ಲ. ಹೀಗಾಗಿ ತಣ್ಣಗಿರುವಾಗ ಸಂದು ಬಿಟ್ಟೇ ಪಿಸ್ಟನ್ ಕೂರಿಸಬೇಕಾಗುತ್ತದೆ. ನೀರು ನಿಂತು ಎಂಜಿನ್ ಅತಿಯಾಗಿ ಕಾದಾಗ ಪಿಸ್ಟನ್ ಹಿಡಿದುಕೊಳ್ಳುವುದಕ್ಕೂ ಈ ಹಿಗ್ಗುವಿಕೆಯೇ ಕಾರಣ. ಕಡಿಮೆ ಹಿಗ್ಗುವ ಲೋಹವಾದರೆ ಸಂದನ್ನು ಕಿರಿದಾಗಿಸಬಹುದು.

ಇಷ್ಟೆಲ್ಲ ಲಾಭ ಪುಕ್ಕಟೆಯಾಗಿ ಬರುವುದಿಲ್ಲ. ಪುಡಿಯಿಲ್ಲದ ಆ ಅಲ್ಯೂಮಿನಿಯಂ ಎಳೆದಾಗ ಮುರಿಯುವ ಮುನ್ನ ಶೇಕಡ 6ರಷ್ಟು ಹಿಗ್ಗಿಕೊಡುತ್ತದೆ. ಪುಡಿ ಬೆರೆತದ್ದು ಶೇಕಡ 1ರಷ್ಟೂ ಹಿಗ್ಗದೆ ಮುರಿಯುತ್ತದೆ. ಹಸಿ ಬಿದಿರು ಬಾಗುತ್ತದೆ, ಒಣಗಿದ್ದು ಸೀಳುತ್ತದೆ ಎಂಬಂತೆ ಇದು. ಗಟ್ಟಿಯಾದಷ್ಟೂ ಪೆಡಸಾಯಿತು. ಹಠಾತ್ ಪೆಟ್ಟು ಬೀಳುವ ಕಡೆ, ಕಲ್ಲಿಗೆ ತಾಗುವ ಕಡೆ ಇದು ಸಲ್ಲದು. ರೋಟವೇಟರ್ ಬ್ಲೇಡಿಗೆ, ಕಲ್ಟಿವೇಟರ್ ಹಲ್ಲಿಗೆ ಇಂದಿಗೂ ಉಕ್ಕೇ ಸರಿ. ಕಲ್ಲು ತಾಗಿದಾಗ ಪೆಟ್ಟು ತಡೆದುಕೊಳ್ಳುವ ಗುಣ ಅಲ್ಲಿ ಗಡಸುತನದಷ್ಟೇ ಮುಖ್ಯ.

ಸವೆತವನ್ನು ಅಳೆಯುವುದು ಹೇಗೆ?

ಪ್ರಯೋಗಾಲಯದಲ್ಲಿ ಇದಕ್ಕೊಂದು ಸರಳ ಯಂತ್ರವಿದೆ. ತಿರುಗುವ ಗಟ್ಟಿ ಉಕ್ಕಿನ ತಟ್ಟೆಯ ಮೇಲೆ ಪರೀಕ್ಷಿಸಬೇಕಾದ ಲೋಹದ ಬೆರಳಿನಷ್ಟು ದಪ್ಪದ ಕಡ್ಡಿಯನ್ನು ನಿಲ್ಲಿಸಿ ಮೇಲಿಂದ ಭಾರ ಹೇರುತ್ತಾರೆ. ಇಂತಿಷ್ಟು ದೂರ ಉಜ್ಜಿಸಿ, ಮೊದಲೂ ಕೊನೆಯೂ ಕಡ್ಡಿಯನ್ನು ತೂಗಿ, ಎಷ್ಟು ಸವೆಯಿತೆಂದು ಕಂಡುಹಿಡಿಯುತ್ತಾರೆ. ಸಾಣೆಯ ಮೇಲೆ ಗಂಧದ ಕೊರಡು ತೇಯ್ದಂತೆ.

ಇಂಥ ಪರೀಕ್ಷೆಗಳಲ್ಲಿ ಬಲವರ್ಧಿತ ಅಲ್ಯೂಮಿನಿಯಂ ಸಾಮಾನ್ಯ ಅಲ್ಯೂಮಿನಿಯಂಗಿಂತ ಬಹಳ ಕಡಿಮೆ ಸವೆಯುತ್ತದೆ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. ಕಾರಣ ಸರಳ. ಮೇಲ್ಮೈಯಲ್ಲಿ ತಲೆ ಎತ್ತಿ ನಿಂತ ಗಟ್ಟಿ ಕಣಗಳು ಭಾರವನ್ನು ತಾವು ಹೊರುತ್ತವೆ. ಅವುಗಳ ನಡುವಿನ ಮೆತ್ತನೆಯ ಲೋಹಕ್ಕೆ ಉಕ್ಕು ನೇರವಾಗಿ ತಾಗುವುದಿಲ್ಲ.

ಆದರೆ ಭಾರ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಆಟ ಬದಲಾಗುತ್ತದೆ. ಕಣಗಳು ಒಡೆಯುತ್ತವೆ, ಇಲ್ಲವೇ ಹಿಡಿತ ತಪ್ಪಿ ಕಿತ್ತು ಬರುತ್ತವೆ. ಕಿತ್ತು ಬಂದ ಕಣ ಎರಡು ಮೈಗಳ ನಡುವೆ ಉರುಳುತ್ತ ಎರಡನ್ನೂ ಗೀರುತ್ತದೆ. ಇಷ್ಟು ಹೊತ್ತು ಕಾವಲುಗಾರನಾಗಿದ್ದ ಕಣ ಈಗ ಕಳ್ಳನಾಯಿತು. ಗಂಟು ಕಟ್ಟಿದ ಕಡೆ, ಲೋಹ ಸರಿಯಾಗಿ ಅಂಟದ ಕಡೆ ಇದು ಬೇಗ ಆಗುತ್ತದೆ. ಹಿಡಿದಿಟ್ಟ ಕಣ ಮಿತ್ರ, ಸಡಿಲ ಕಣ ಶತ್ರು ಎಂದು ಶೀರ್ಷಿಕೆಯಲ್ಲಿ ಹೇಳಿದ್ದು ಇದನ್ನೇ. ಏರ್ ಕ್ಲೀನರ್ ದಾಟಿ ಎಂಜಿನ್ನಿನೊಳಗೆ ಬಂದ ಹೊಲದ ಮರಳು ಮೊದಲಿನಿಂದಲೂ ಸಡಿಲ ಕಣವೇ.

ಇನ್ನೊಂದು ಮಾತು. ಸವೆತ ಒಬ್ಬನ ವಿಷಯವಲ್ಲ, ಜೋಡಿಯ ವಿಷಯ. ಪಿಸ್ಟನ್ ಗಟ್ಟಿಯಾಯಿತೆಂದು ಹಿಗ್ಗಿದರೆ ಅದರ ಕಣಗಳು ರಿಂಗನ್ನೋ ಲೈನರನ್ನೋ ತಿನ್ನಬಹುದು. ಪಿಸ್ಟನ್, ರಿಂಗ್, ಲೈನರ್ ಮೂರನ್ನೂ ಒಂದಕ್ಕೊಂದು ಹೊಂದುವಂತೆ ಆರಿಸಬೇಕು.

ಪ್ರಯೋಗಾಲಯದ ಅಂಕಿಯನ್ನು ಓದುವಾಗಲೂ ಲೆಕ್ಕ ಇಟ್ಟುಕೊಳ್ಳಿ. ಅಲ್ಲಿ ಅನೇಕ ವೇಳೆ ಒಂದೆರಡು ಕಿಲೋಮೀಟರ್ ಉಜ್ಜಿ ನೋಡುತ್ತಾರೆ, ಅದೂ ಆಯಿಲಿಲ್ಲದೆ, ಸಾಮಾನ್ಯ ಕಾವಿನಲ್ಲಿ. ಒಂದು ಕಿಲೋಮೀಟರ್ ನಿಮ್ಮ ಎಂಜಿನ್ನಿಗೆ ಮೂರು ನಿಮಿಷದ ದಾರಿ. ಆ ಪರೀಕ್ಷೆ ಎರಡು ಲೋಹಗಳನ್ನು ಹೋಲಿಸಲು ಬಹಳ ಉಪಯುಕ್ತ. ಆದರೆ ನಾಲ್ಕು ಬೆಳೆ ಕಾಲ ಧೂಳಿನಲ್ಲಿ, ಬಿಸಿಯಲ್ಲಿ ಓಡುವ ಪಿಸ್ಟನ್ನಿನ ಆಯುಸ್ಸನ್ನು ಅದೊಂದರಿಂದ ಹೇಳಲಾಗದು. ಅದನ್ನು ಎಂಜಿನ್ನಿನಲ್ಲೇ ಓಡಿಸಿ ನೋಡಬೇಕು.

ಎಂಜಿನ್ನಿನಲ್ಲಿ ಓಡಿಸಿ ನೋಡಿದವರು

ಹಾಗೆ ಓಡಿಸಿ ನೋಡಿದವರಲ್ಲಿ ನಮ್ಮ ದೇಶದವರು ಮುಂಚೂಣಿಯಲ್ಲಿದ್ದಾರೆ. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಪ್ರದೀಪ್ ರೋಹಟ್ಗಿ ಅವರು ಕರಗಿದ ಅಲ್ಯೂಮಿನಿಯಂಗೆ ಗ್ರಾಫೈಟ್ ಪುಡಿ ಬೆರೆಸುವ ವಿಷಯದಲ್ಲಿ ಕೆಲಸ ಮಾಡಿದವರು. ಗ್ರಾಫೈಟ್ ಎಂದರೆ ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಕರಿ ವಸ್ತು. ಅದು ಗಟ್ಟಿಯಲ್ಲ, ಜಾರುವಂಥದ್ದು. ಗಟ್ಟಿ ಕಣ ಭಾರ ಹೊತ್ತು ಸವೆತ ತಡೆದರೆ ಗ್ರಾಫೈಟ್ ತಾನೇ ಮೈಗೆ ಸವರಿಕೊಂಡು ಆಯಿಲಿನಂತೆ ಜಾರಿಸುತ್ತದೆ. ಅವರೂ ಸಂಗಡಿಗರೂ ಇಂಥ ಅಲ್ಯೂಮಿನಿಯಂನಿಂದ ಪಿಸ್ಟನ್ ಎರಕ ಹೊಯ್ದು, ಒಂದೇ ಸಿಲಿಂಡರಿನ ಸಣ್ಣ ಡೀಸೆಲ್ ಎಂಜಿನ್ನಿನಲ್ಲಿ ಕೂರಿಸಿ ಪರೀಕ್ಷಿಸಿದರು. ತಿಕ್ಕಾಟದ ನಷ್ಟವೂ ರಿಂಗಿನ ಸವೆತವೂ ಕಡಿಮೆಯಾದುದನ್ನು 1980ರಲ್ಲಿ ಪ್ರಕಟಿಸಿದರು. ದೊಡ್ಡ ಕಾರಿನ ಎಂಜಿನ್ನಿನಲ್ಲಲ್ಲ, ನಮ್ಮ ಬಾವಿಗಟ್ಟೆಯ ಮೇಲೆ ಕೂರುವಂಥ ಒಂಟಿ ಸಿಲಿಂಡರ್ ಎಂಜಿನ್ನಿನಲ್ಲಿ ಈ ಪರೀಕ್ಷೆ ನಡೆಯಿತು ಎಂಬುದನ್ನು ಗಮನಿಸಿ.

ಜಪಾನಿನ ಟೊಯೋಟಾ ಸಂಸ್ಥೆ ಬೇರೆ ದಾರಿ ಹಿಡಿಯಿತು. ಡೀಸೆಲ್ ಪಿಸ್ಟನ್ನಿನ ಮೇಲಿನ ಗ್ರೂವಿಗೆ ಅದುವರೆಗೆ ನಿಕ್ಕಲ್ ಸೇರಿದ ಬೀಡಿನ ಉಂಗುರವನ್ನು ಎರಕದೊಳಗೆ ಕೂರಿಸುವುದು ವಾಡಿಕೆಯಾಗಿತ್ತು. ಅದು ಸವೆಯದಿದ್ದರೂ ಭಾರ. ಟೊಯೋಟಾದವರು ಅಲ್ಯೂಮಿನ ಮತ್ತು ಸಿಲಿಕದ ಸಣ್ಣ ಎಳೆಗಳನ್ನು ಉಂಗುರದಂತೆ ಒತ್ತಿ ಅಚ್ಚಿನಲ್ಲಿಟ್ಟು, ಕರಗಿದ ಅಲ್ಯೂಮಿನಿಯಂ ಅನ್ನು ಬಲವಾದ ಒತ್ತಡದಿಂದ ಅದರೊಳಗೆ ನುಗ್ಗಿಸಿದರು. ಹೀಗೆ ಗ್ರೂವಿನ ಜಾಗ ಮಾತ್ರ ಬಲಗೊಂಡಿತು, ಉಳಿದ ಪಿಸ್ಟನ್ ಹಗುರವಾಗಿಯೇ ಉಳಿಯಿತು. 1983ರಲ್ಲಿ ಇದು ಮಾರುಕಟ್ಟೆಯ ವಾಹನಗಳಿಗೆ ಬಂತು. 1990ರ ದಶಕದ ಆರಂಭದಲ್ಲಿ ಹೋಂಡಾ ಸಂಸ್ಥೆ ತನ್ನ ಒಂದು ಕಾರಿನ ಸಿಲಿಂಡರ್ ಗೋಡೆಗೇ ಅಲ್ಯೂಮಿನ ಮತ್ತು ಇಂಗಾಲದ ಎಳೆಗಳನ್ನು ಸೇರಿಸಿತು.

ಇಲ್ಲಿ ಕಲಿಯಬೇಕಾದ ಪಾಠವೊಂದಿದೆ. ಗೆದ್ದವರು ಇಡೀ ಯಂತ್ರವನ್ನು ಹೊಸ ಲೋಹದಿಂದ ಮಾಡಲಿಲ್ಲ. ಎಲ್ಲಿ ಸವೆಯುತ್ತದೆಯೋ ಅಲ್ಲಿಗೆ ಮಾತ್ರ ಬಲ ಕೊಟ್ಟರು. ಕೆರೆ ಏರಿಯಲ್ಲಿ ನೀರು ಬಡಿಯುವ ಮಗ್ಗುಲಿಗೆ ಮಾತ್ರ ಕಲ್ಲು ಕಟ್ಟಿದಂತೆ.

ಇಷ್ಟಾದರೂ ಈ ಲೋಹ ಎಲ್ಲ ಎಂಜಿನ್ನುಗಳಿಗೂ ಬಂದಿಲ್ಲ. ಅದನ್ನು ತಯಾರಿಸಲು ಖರ್ಚು ಹೆಚ್ಚು. ಗಟ್ಟಿ ಕಣಗಳಿರುವುದರಿಂದ ಲೇತಿನ ಸಾಮಾನ್ಯ ಟೂಲ್ ಬೇಗ ಮೊಂಡಾಗುತ್ತದೆ, ವಜ್ರದ ಟೂಲ್ ಬೇಕಾಗುತ್ತದೆ. ಆದ್ದರಿಂದ ಬೀಡಿನ ಉಂಗುರದ ಪಿಸ್ಟನ್ ಈಗಲೂ ಬಹಳ ಕಡೆ ಬಳಕೆಯಲ್ಲಿದೆ. ಅದು ಕೀಳು ಎಂದು ತಿಳಿಯಬೇಕಾಗಿಲ್ಲ.

ಭತ್ತದ ಹೊಟ್ಟಿನಿಂದ ಲೋಹಕ್ಕೆ ಬಲ

ದುಬಾರಿ ಪುಡಿಯ ಬದಲು ಅಗ್ಗದ ಬೂದಿ ಬೆರೆಸಬಹುದೇ ಎಂಬ ಹುಡುಕಾಟ ರೈತರಿಗೆ ಹತ್ತಿರದ ಸಂಗತಿ. ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿಯಲ್ಲಿ ಸಿಲಿಕ, ಅಲ್ಯೂಮಿನ ಎರಡೂ ಇವೆ. ನಮ್ಮ ರಾಯಚೂರಿನ ಶಕ್ತಿನಗರದಲ್ಲಿ ಅದು ಗುಡ್ಡೆ ಗುಡ್ಡೆಯಾಗಿ ಸಿಗುತ್ತದೆ. ಇದಕ್ಕಿಂತ ಹತ್ತಿರದ್ದು ಭತ್ತದ ಹೊಟ್ಟಿನ ಬೂದಿ.

ಒಂದು ಕ್ವಿಂಟಲ್ ಭತ್ತ ಗಿರಣಿಗೆ ಹಾಕಿದರೆ ಸುಮಾರು 20 ಕಿಲೋ ಹೊಟ್ಟು ಬರುತ್ತದೆ. ಅದನ್ನು ಸುಟ್ಟರೆ ಸುಮಾರು 4 ಕಿಲೋ ಬೂದಿ. ಚೆನ್ನಾಗಿ ಸುಟ್ಟ ಬೂದಿಯಲ್ಲಿ ಶೇಕಡ 85ರಿಂದ 95ರವರೆಗೆ ಸಿಲಿಕವೇ ಇರುತ್ತದೆ. ಭತ್ತದ ಗಿಡ ಗದ್ದೆಯ ಮಣ್ಣಿನಿಂದ ಹೀರಿ ಹೊಟ್ಟಿನಲ್ಲಿ ಕೂಡಿಟ್ಟ ಸಿಲಿಕ ಇದು. ಗಂಗಾವತಿ, ಸಿಂಧನೂರು, ದಾವಣಗೆರೆ, ಮಂಡ್ಯದ ಕಡೆ ದಿನಕ್ಕೆ 100 ಕ್ವಿಂಟಲ್ ಭತ್ತ ಮಾಡುವ ಗಿರಣಿಯೊಂದು ತನ್ನ ಹೊಟ್ಟನ್ನೆಲ್ಲ ಸುಟ್ಟರೆ ದಿನಕ್ಕೆ 400 ಕಿಲೋ ಬೂದಿ ಸಿಗುತ್ತದೆ.

ಈ ಬೂದಿಯನ್ನು ಅಲ್ಯೂಮಿನಿಯಂಗೆ ಬೆರೆಸಿ ಭಾರತದಲ್ಲೂ ನೈಜೀರಿಯಾದಲ್ಲೂ ಸಂಶೋಧಕರು ಪರೀಕ್ಷೆ ನಡೆಸಿದ್ದಾರೆ. ಲೋಹ ಸ್ವಲ್ಪ ಹಗುರವಾಗುತ್ತದೆ. ಗಡಸುತನವೂ ಸವೆತ ತಡೆಯುವ ಗುಣವೂ ಏರುತ್ತವೆ. ಹಿಗ್ಗುವ ಗುಣ ಇಲ್ಲಿಯೂ ಇಳಿಯುತ್ತದೆ. ಸಿಲಿಕಾನ್ ಕಾರ್ಬೈಡಿನಷ್ಟು ಗಟ್ಟಿತನ ಬೂದಿಗಿಲ್ಲ. ಅದಕ್ಕೆಂದೇ ಕೆಲವರು ಎರಡನ್ನೂ ಕೂಡಿಸಿ, ದುಬಾರಿ ಪುಡಿ ಕಡಿಮೆ ಮಾಡಿ ಬೂದಿ ಸೇರಿಸುವ ದಾರಿ ಹಿಡಿದಿದ್ದಾರೆ.

ಬೂದಿ ಹೇಗೆ ಸುಟ್ಟದ್ದು ಎಂಬುದೂ ಮುಖ್ಯ. ಒಲೆಯಲ್ಲಿ ಅರೆಬರೆ ಉರಿದ ಕರಿ ಬೂದಿಯಲ್ಲಿ ಇಂಗಾಲ ಉಳಿದಿರುತ್ತದೆ. ಲೋಹಕ್ಕೆ ಬೇಕಾದದ್ದು ಇಂಗಾಲ ಪೂರ್ತಿ ಸುಟ್ಟುಹೋದ, ಬಿಳಿ ಅಥವಾ ಬೂದು ಬಣ್ಣದ್ದು. ಆದರೆ ವಿಪರೀತ ಕಾವಿನಲ್ಲಿ ಸುಟ್ಟ ಬಿಳಿ ಬೂದಿಯ ಸಿಲಿಕ ಹರಳುಗಟ್ಟುತ್ತದೆ. ಆ ನವಿರಾದ ಧೂಳು ಉಸಿರಿನೊಡನೆ ವರ್ಷಗಟ್ಟಲೆ ಒಳಗೆ ಹೋದರೆ ಕಲ್ಲು ಒಡೆಯುವವರಿಗೆ ಬರುವಂಥ ಶ್ವಾಸಕೋಶದ ರೋಗ ಬರುತ್ತದೆ. ಗಿರಣಿಯಲ್ಲಿ ಬೂದಿ ಎತ್ತುವವರು ಧೂಳು ತಡೆಯುವ ಮುಖವಾಡ ಹಾಕಲೇಬೇಕು, ಬೂದಿಗೆ ನೀರು ಚಿಮುಕಿಸಿಯೇ ಎತ್ತಬೇಕು.

ಹೊಟ್ಟಿನ ಬೂದಿಗೆ ನಾಳೆಯೇ ಬಂಗಾರದ ಬೆಲೆ ಬರುತ್ತದೆಂದು ಯಾರಾದರೂ ಆಸೆ ಹುಟ್ಟಿಸಿದರೆ ನಂಬಿ ಹಣ ಹೂಡಬೇಡಿ. ಬೂದಿಯ ಈ ಬಳಕೆ ಇನ್ನೂ ಪ್ರಯೋಗದ ಹಂತದ್ದು. ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಪಾಲಿಗೆ ಬದಲಾಗಿ, ಉಕ್ಕಿನ ಕಾರ್ಖಾನೆಯಲ್ಲಿ ಕರಗಿದ ಉಕ್ಕಿನ ಕಾವು ಆರದಂತೆ ಮೇಲೆ ಮುಚ್ಚಲು, ಬೂದಿಗೆ ಈಗಾಗಲೇ ಬಳಕೆ ಇದೆ. ಗಿರಣಿ ನಡೆಸುವ ಸಹಕಾರ ಸಂಘಗಳು ಮೊದಲು ಆ ಮಾರುಕಟ್ಟೆ ವಿಚಾರಿಸುವುದು ಲೇಸು. ಊರಿನ ಎರಕದ ಕುಲುಮೆಯವರು ತಾವೇ ಬೂದಿ ಬೆರೆಸಿ ನೋಡುವ ಸಾಹಸಕ್ಕೆ ಹೋಗಬಾರದು. ಪಸೆಯಿರುವ ಬೂದಿ ಕರಗಿದ ಅಲ್ಯೂಮಿನಿಯಂಗೆ ಬಿದ್ದರೆ ನೀರು ಒಮ್ಮೆಲೇ ಆವಿಯಾಗಿ ಲೋಹ ಸಿಡಿಯುತ್ತದೆ. ಕೈ, ಕಣ್ಣು ಹೋಗುತ್ತವೆ.

ನೀವು ಗಮನಿಸಬೇಕಾದ ಅಂಶಗಳು

ಹೊಸ ಲೋಹ ನಿಮ್ಮ ಎಂಜಿನ್ನಿಗೆ ಬರಲಿ ಬಿಡಲಿ, ಅದರ ಹಿಂದಿನ ತಿಳುವಳಿಕೆ ಇಂದೇ ಉಪಯೋಗಕ್ಕೆ ಬರುತ್ತದೆ.

1. ರಿಂಗ್ ಬದಲಿಸುವಾಗ ಗ್ರೂವನ್ನೂ ಅಳೆಯಿಸಿ. ಹೊಸ ರಿಂಗನ್ನು ಗ್ರೂವಿನಲ್ಲಿಟ್ಟು ಪಕ್ಕದ ಸಂದಿಗೆ ಫೀಲರ್ ಗೇಜ್ ತೂರಿಸಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಎಂಜಿನ್ನಿನ ಕೈಪಿಡಿಯಲ್ಲಿ ಕೊಟ್ಟ ಮಿತಿ ದಾಟಿದ್ದರೆ ಪಿಸ್ಟನ್ನನ್ನೇ ಬದಲಿಸಿ. ಸವೆದ ಗ್ರೂವಿಗೆ ಹೊಸ ರಿಂಗ್ ಹಾಕುವುದು ತೂತು ಬಿದ್ದ ಕೊಡಕ್ಕೆ ಹೊಸ ಮುಚ್ಚಳ ಹಾಕಿದಂತೆ.

2. ಗ್ರೂವಿನ ಮಸಿಯನ್ನು ಮುರಿದ ರಿಂಗಿನ ತುಂಡಿನಿಂದ ಜೋರಾಗಿ ಕೆರೆಯಲು ಬಿಡಬೇಡಿ. ಮಸಿಯ ಜೊತೆಗೆ ಮೆತ್ತನೆಯ ಅಲ್ಯೂಮಿನಿಯಂ ಕೂಡ ಕಿತ್ತು ಬರುತ್ತದೆ. ನೆನೆಸಿ, ಮೆಲ್ಲಗೆ ತೆಗೆಯಬೇಕು.

3. ಡೀಸೆಲ್ ಎಂಜಿನ್ನಿಗೆ ಹೊಸ ಪಿಸ್ಟನ್ ಕೊಳ್ಳುವಾಗ ಹಳೆಯದರಲ್ಲಿ ಮೇಲಿನ ಗ್ರೂವಿಗೆ ಬೀಡಿನ ಉಂಗುರವಿತ್ತೇ ನೋಡಿ, ಇದ್ದರೆ ಹೊಸದರಲ್ಲೂ ಇರಬೇಕು. ಗ್ರೂವಿನೊಳಗೆ ಬಣ್ಣ ಬೇರೆಯಾದ ಲೋಹದ ಪಟ್ಟಿಯಾಗಿ ಅದು ಕಾಣುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸಬೇಡಿ. ನಿಕ್ಕಲ್ ಹೆಚ್ಚಿರುವ ಆ ಬೀಡು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟದ್ದರಿಂದ ನಕಲಿ ಎಂದು ತಪ್ಪು ತಿಳಿಯುವ ಸಂಭವವಿದೆ.

4. ಜೋಡಿ ತಪ್ಪಿಸಬೇಡಿ. ಲೈನರಿಗೆ ಕ್ರೋಮಿಯಂ ಲೇಪವಿದ್ದರೆ ಕ್ರೋಮಿಯಂ ಲೇಪದ ರಿಂಗ್ ಹಾಕಬಾರದು. ತಯಾರಕರು ಹೇಳಿದ ಜೋಡಿಯನ್ನೇ ಕೊಳ್ಳಿ.

5. ಏರ್ ಕ್ಲೀನರನ್ನು ಕಡೆಗಣಿಸಬೇಡಿ. ಎಣ್ಣೆ ಬಟ್ಟಲಿನ ಕ್ಲೀನರ್ ಆದರೆ ಗುರುತಿನ ಮಟ್ಟಕ್ಕೆ ಎಣ್ಣೆ ಇರಲಿ, ತಳದಲ್ಲಿ ಕೆಸರು ನಿಂತಾಗ ತೊಳೆದು ಹೊಸ ಎಣ್ಣೆ ಹಾಕಿ. ಒಕ್ಕಣೆಯ ಕಾಲದಲ್ಲಿ, ಒಣ ಭೂಮಿ ಉಳುವಾಗ ಇದನ್ನು ಇನ್ನೂ ಬೇಗ ಬೇಗ ಮಾಡಬೇಕು. ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪ್ ಬಿರಿದಿದೆಯೇ ನೋಡಿ. ಪೈಪಿನ ಒಳಮೈಗೆ ಬೆರಳಾಡಿಸಿ. ಮರಳು ತಗುಲಿದರೆ ಅದು ಆಗಲೇ ಪಿಸ್ಟನ್ನಿಗೂ ತಲುಪಿದೆ ಎಂದರ್ಥ.

6. ಕೈಪಿಡಿಯಲ್ಲಿ ಹೇಳಿದಷ್ಟು ಗಂಟೆಗೆ ಆಯಿಲ್ ಬದಲಿಸಿ. ಎಂಜಿನ್ ಓಡಿದ ಗಂಟೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹಳೆಯ ಆಯಿಲಿನಲ್ಲಿ ತೇಲುವ ಲೋಹದ ಪುಡಿಯೂ ಸಡಿಲ ಕಣವೇ.

7. ಪಿಸ್ಟನ್ನಾಗಲಿ ಬೇರೆ ಬಿಡಿಭಾಗವಾಗಲಿ, ಕಾಂಪೊಸಿಟ್ ಎಂಬ ಹೆಸರು ಹೇಳಿ ಹೆಚ್ಚಿನ ಬೆಲೆಗೆ ಮಾರಲು ಬಂದರೆ ಮೂರು ಪ್ರಶ್ನೆ ಕೇಳಿ. ಯಾವ ಜಾಗಕ್ಕೆ ಬಲ ಕೊಡಲಾಗಿದೆ? ನನ್ನ ಎಂಜಿನ್ನಿನ ರಿಂಗಿಗೂ ಲೈನರಿಗೂ ಇದು ಹೊಂದುತ್ತದೆಯೇ? ಎಷ್ಟು ಗಂಟೆ ಎಂಜಿನ್ನಿನಲ್ಲಿ ಓಡಿಸಿ ನೋಡಿದ್ದಾರೆ? ಉತ್ತರ ಬರಹದಲ್ಲಿ ಸಿಗದಿದ್ದರೆ ಹಳೆಯದೇ ಒಳ್ಳೆಯದು.

ವಿಜ್ಞಾನಿಗಳು ಗಟ್ಟಿ ಕಣವನ್ನು ಲೋಹದೊಳಗೆ ಭದ್ರವಾಗಿ ಹಿಡಿದಿಡಲು ಐವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದಿದ್ದಾರೆ. ಅದೇ ಕಣ ಸಡಿಲವಾಗಿ ಎಂಜಿನ್ನಿಗೆ ನುಗ್ಗದಂತೆ ತಡೆಯಲು ನಿಮಗೆ ಬೇಕಾದದ್ದು ವಾರಕ್ಕೆ ಕಾಲು ಗಂಟೆ ಮತ್ತು ಒಂದು ಬಟ್ಟಲು ಎಣ್ಣೆ ಮಾತ್ರ. ಮುಂದಿನ ಬೆಳೆಗೆ ನೀರು ಹಾಯಿಸುವ ಮುನ್ನ ಏರ್ ಕ್ಲೀನರನ್ನೊಮ್ಮೆ ಬಿಚ್ಚಿ ನೋಡಿ.